ಒಂದೇ ಊರು, ಒಂಬತ್ತು ರಾತ್ರಿ: ಅವ್ವ-ಅಪ್ಪನ ಜೊತೆ ಚೆಫಲೂ

"ಒಂದ ಊರಾಗ ಒಂಬತ್ತ ದಿನಾ ಕೂತು ಏನ್ ಮಾಡ್ತೀರೋ ತಮ್ಮಾ? ಸಮುದ್ರ ನೋಡೂದಾದ್ರ ಗೋಕರ್ಣ ಐತೆಲ್ಲ!" ಚಿಕ್ಕಪ್ಪ ಫೋನಿನಲ್ಲಿ ಹೀಗೆಂದಿದ್ದರು. ಪ್ರವಾಸ ಮಾಡುವ ನನ್ನ ಗೆಳೆಯರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ಅಷ್ಟು ದೂರ ಇಟಲಿಗೆ ಹೋಗಿ ರೋಮ್ ನೋಡದೆ, ವೆನಿಸ್ ನೋಡದೆ, ಸಿಸಿಲಿ ದ್ವೀಪದ ಚೆಫಲೂ ಎಂಬ ಒಂದು ಸಣ್ಣ ಊರಲ್ಲಿ ಕೂತು ಬರುವುದು ದುಡ್ಡು ದಂಡ ಎಂದರು. 2023ರ ಅಕ್ಟೋಬರ್‌ನಲ್ಲಿ ನಾನು, ನನ್ನ ಹೆಂಡತಿ, ಅವ್ವ, ಅಪ್ಪ ನಾಲ್ಕು ಜನ ಅದನ್ನೇ ಮಾಡಿದೆವು. ಮಾಡಿ ಗೆದ್ದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ ಹೇಳಬೇಕು. 2017ರಲ್ಲಿ ಇದೇ ನಾಲ್ಕು ಜನ ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್ ಎಂದು ಎಂಟು ದಿನದಲ್ಲಿ ಓಡಿದ್ದೆವು. ನೆನಪಿದ್ದ ಹಾಗೆ ಐದು ಮುಕ್ಕಾಲು ಲಕ್ಷ ಖರ್ಚಾಯಿತು. ವೆನಿಸ್‌ನ ಸೇತುವೆ ಮೆಟ್ಟಿಲು ಹತ್ತಿ ಇಳಿದು ಅಪ್ಪನ ಮೊಣಕಾಲು ಊದಿಕೊಂಡಿತು. ಎರಡು ದಿನ ಅವರು ಹೋಟೆಲ್ ರೂಮಿನಲ್ಲೇ ಮಲಗಿದ್ದರು. ಅವ್ವ ಎಂಟೂ ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಳೆದರು. ಅಪ್ಪ ಮೂವತ್ತೈದು ವರ್ಷ ಶಾಲೆಯಲ್ಲಿ ಚಿತ್ರಕಲಾ ಮಾಸ್ತರರಾಗಿದ್ದವರು. ಫ್ಲಾರೆನ್ಸ್‌ನಲ್ಲಿ ಒಂದೊಂದು ಚಿತ್ರದ ಮುಂದೆ ಅರ್ಧ ನಿಮಿಷವೂ ನಿಲ್ಲಲು ಆಗಲಿಲ್ಲ. ಟೈಮ್ ಇಲ್ಲ ಎಂದು ಅವರನ್ನು ಮುಂದೆ ಮುಂದೆ ಎಳೆದುಕೊಂಡು ಹೋದವನು ನಾನೇ. ಆ ನೋವು ನನಗೆ ಇವತ್ತಿಗೂ ಇದೆ.

2019ರಲ್ಲಿ ಹೆಂಡತಿ ಮತ್ತು ನಾನು ಇಬ್ಬರೇ ಚೆಫಲೂಗೆ ಹೋದೆವು. ಊರು ಸರಿಯಾಗಿತ್ತು, ಹೋದ ಹೊತ್ತು ತಪ್ಪಾಗಿತ್ತು. ಆಗಸ್ಟ್ 12ಕ್ಕೆ ಹೋಗಿ ಇಳಿದೆವು. ಆಗಸ್ಟ್ 15 ಅಲ್ಲಿ ಫೆರಗೋಸ್ತೋ, ಇಡೀ ಇಟಲಿಗೆ ರಜೆ. ಒಂದೂವರೆ ಕಿಲೋಮೀಟರ್ ಉದ್ದದ ಮರಳ ದಂಡೆಯಲ್ಲಿ ಟವೆಲ್ ಹಾಸಲು ಜಾಗ ಇರಲಿಲ್ಲ. ಕೊಡೆ, ಎರಡು ಕುರ್ಚಿಗೆ ದಿನಕ್ಕೆ ಸುಮಾರು 25 ಯೂರೋ. ಅಡುಗೆಮನೆ ಇಲ್ಲದ ಹೋಟೆಲ್ ಹಿಡಿದಿದ್ದೆವು. ಮಧ್ಯಾಹ್ನ ಒಂದರಿಂದ ನಾಲ್ಕೂವರೆವರೆಗೆ ಅಂಗಡಿಗಳೆಲ್ಲ ಬಂದ್. ರಾತ್ರಿ ಊಟ ಎಂಟರ ಮೇಲೆಯೇ. ಇದರ ಮೇಲೆ, ರೈಲು ಹತ್ತುವ ಮೊದಲು ಟಿಕೆಟನ್ನು ಸ್ಟೇಷನ್ನಿನ ಮಷೀನಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳದೆ ಇಬ್ಬರೂ ದಂಡ ಕಟ್ಟಿದೆವು. ತಲಾ 50 ಯೂರೋ ಹತ್ತಿರ ಹೋಯಿತು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ತಗೊಂಡರೆ ಆ ಮುದ್ರೆ ಮರೆಯಬೇಡಿ.

ಆದರೆ ಆಗಲೇ ಒಂದು ವಿಷಯ ಹೊಳೆಯಿತು. ಊರು ಸಣ್ಣದು. ಸ್ಟೇಷನ್ನಿನಿಂದ ಹಳೇ ಊರಿಗೆ ಹತ್ತು ನಿಮಿಷದ ನಡಿಗೆ. ಕೊರ್ಸೋ ರುಜ್ಜೆರೋ ಎಂಬ ಒಂದೇ ದೊಡ್ಡ ಬೀದಿ ಹಿಡಿದು ನಡೆದರೆ ಚರ್ಚ್, ಮ್ಯೂಸಿಯಂ, ಸಮುದ್ರ ಎಲ್ಲವೂ ಅಕ್ಕಪಕ್ಕ. ಅಪ್ಪನ ಕಾಲಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದಿಲ್ಲ ಅನಿಸಿತು.

ಹಾಗಾಗಿ 2023ರಲ್ಲಿ ಮೂರು ಬದಲಾವಣೆ ಮಾಡಿದೆ. ಆಗಸ್ಟ್ ಬಿಟ್ಟು ಅಕ್ಟೋಬರ್. ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಮನೆ. ಅಂಗಡಿ ಮುಚ್ಚುವ ಹೊತ್ತಿನಲ್ಲಿ ನಾವೂ ಮಲಗುವುದು. ಬೆಳಗ್ಗೆ ಆರೂವರೆಗೆ ದಂಡೆಯ ಮೇಲೆ ನಡಿಗೆ, ಎಂಟಕ್ಕೆ ತರಕಾರಿ, ಹತ್ತರಿಂದ ಹನ್ನೆರಡರವರೆಗೆ ಒಂದೇ ಒಂದು ಜಾಗ, ಮನೆ ಊಟ, ನಿದ್ದೆ. ಐದರ ಮೇಲೆ ಊರಿನವರ ಜೊತೆ ಬೀದಿಯಲ್ಲಿ ಸುಮ್ನೆ ಓಡಾಟ. ದಿನಕ್ಕೆ ಒಂದೇ ಜಾಗ ಎನ್ನುವುದನ್ನು ಒಂದು ದಿನವೂ ಮುರಿಯಲಿಲ್ಲ.

ಮನೆ ಹುಡುಕುವಾಗ ಒಂದು ಮಾತು ನೆನಪಿರಲಿ. ಹಳೇ ಊರಿನ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮೆಟ್ಟಿಲೆಷ್ಟು ಎಂದು ಎಣಿಸಿ ಹೇಳಿಸಿಕೊಳ್ಳಿ, ಫೋಟೋ ನಂಬಬೇಡಿ. ನಮಗೆ ಸಿಕ್ಕಿದ್ದು ಹದಿನಾಲ್ಕು ಮೆಟ್ಟಿಲಿನ ಮನೆ, ರಾತ್ರಿಗೆ ಸುಮಾರು 85 ಯೂರೋ. ಮೊದಲು ಅವರು ಕೇಳಿದ್ದು 110. ಮನೆ ಮಾಲೀಕರಿಗೆ ಬರೆದ ಕಾಗದದಲ್ಲಿ ಒಂದು ಸಾಲು ಸೇರಿಸಿದ್ದೆ, ಅದರಿಂದ ದರ ಇಳಿಯಿತು. ಆ ಸಾಲು ಮತ್ತು ಆ ಮನೆ ಇರುವ ಓಣಿ ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲಕ್ಕೂ ಅದು ನನಗೆ ಬೇಕು.

ಊಟದ ವಿಷಯಕ್ಕೆ ಬರೋಣ, ಹೆಚ್ಚು ಅನುಮಾನ ಬಂದಿದ್ದು ಅಲ್ಲೇ. ಧಾರವಾಡದಿಂದ ಅರವತ್ತು ಕಡಕ್ ಜೋಳದ ರೊಟ್ಟಿ ಒಯ್ದಿದ್ದೆವು. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಒಂದು ಕಿಲೋ ತೊಗರಿಬೇಳೆ, ಸಾರಿನ ಪುಡಿ ಕೂಡ. ತುಪ್ಪ, ಪೇಡೆ ಒಯ್ಯಲಿಲ್ಲ. ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡುವುದಿಲ್ಲ. ರೊಟ್ಟಿ ಒಡೆಯದ ಹಾಗೆ ಕಟ್ಟುವ ಒಂದು ಉಪಾಯ ಅವ್ವನ ಹತ್ತಿರ ಇದೆ. ಅರವತ್ತರಲ್ಲಿ ಮುರಿದಿದ್ದು ಮೂರೇ.

ಎರಡನೇ ದಿನ ತರಕಾರಿ ಅಂಗಡಿಯಲ್ಲಿ ಅವ್ವ ನಿಂತುಬಿಟ್ಟರು. ಮೊಳಕ್ಕಿಂತ ಉದ್ದದ, ತೆಳು ಹಸಿರಿನ ಕಾಯಿ. "ಇದು ಸೋರೀಕಾಯಿ ಅಲ್ಲೇನೋ?" ಹೌದು, ಸೋರೆಕಾಯಿಯೇ. ಸಿಸಿಲಿಯಲ್ಲಿ ಅದಕ್ಕೆ ಕುಕುತ್ಸ ಅನ್ನುತ್ತಾರೆ. ಅದರ ಎಳೆ ಕುಡಿ, ಎಲೆಗೆ ತೆನೆರೂಮಿ ಎನ್ನುವ ಹೆಸರು. ಬೇಸಿಗೆಯಲ್ಲಿ ಜಾಸ್ತಿ ಸಿಗುತ್ತದೆ, ನಮಗೆ ಸಿಕ್ಕಿದ್ದು ಕೊನೆಯ ಫಸಲು. ಅವರು ಅದನ್ನು ಟೊಮ್ಯಾಟೊ ಹಾಕಿ, ಮುರಿದ ಸ್ಪಗೆಟ್ಟಿಯ ಜೊತೆ ತಿಳಿಯಾಗಿ ಬೇಯಿಸುತ್ತಾರೆ. ಅವ್ವ ಅದೇ ಕುಡಿಗೆ ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ನಾನು ಈವರೆಗೆ ಉಂಡ ಸೊಪ್ಪಿನ ಪಲ್ಯಗಳಲ್ಲಿ ಅದಕ್ಕೇ ಮೊದಲ ಜಾಗ.

ಪನೆಲ್ಲೆ ತಿಂದಾಗ ಇನ್ನೊಂದು ಆಶ್ಚರ್ಯ. ಕಡಲೆಹಿಟ್ಟನ್ನು ನೀರಲ್ಲಿ ಕುದಿಸಿ, ಗಟ್ಟಿಯಾದ ಮೇಲೆ ಹರಡಿ, ಆರಿಸಿ, ಕೊಯ್ದು ಎಣ್ಣೆಯಲ್ಲಿ ಕರಿಯುತ್ತಾರೆ. ಎಳ್ಳು ಹಾಕಿದ ಬನ್ನಿನೊಳಗಿಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. "ಇದು ನಮ್ಮ ಝುಣಕದ ವಡಿನ. ಬರೇ ಕರದಾರ, ಅಷ್ಟ," ಎಂದರು ಅವ್ವ. ಎಣ್ಣೆಗಾಯಿ ಮಾತ್ರ ಕೆಟ್ಟಿತು. ಅಲ್ಲಿನ ಬದನೆಕಾಯಿ ತೆಂಗಿನಕಾಯಿ ಗಾತ್ರ, ಮಸಾಲೆ ಒಳಗಿಳಿಯಲೇ ಇಲ್ಲ. ಅದೇ ಬದನೆಯನ್ನು ಅವರು ವಿನಿಗರ್, ಸಕ್ಕರೆ, ಆಲಿವ್ ಹಾಕಿ ಕಪೊನಾತಾ ಮಾಡುತ್ತಾರೆ. ಹುಳಿ-ಸಿಹಿ. ಕಡಕ್ ರೊಟ್ಟಿಗೆ ಅದು ಎಷ್ಟು ಹೊಂದುತ್ತದೆ ಅಂದರೆ, ನಾಲ್ಕು ರಾತ್ರಿ ಅದೇ ಊಟ ಮಾಡಿದೆವು.

ಸಸ್ಯಾಹಾರಿಗಳು ಎರಡು ಕಡೆ ಎಚ್ಚರವಾಗಿರಬೇಕು. ಅರಂಚೀನಿ ಅಂದರೆ ಕರಿದ ಅನ್ನದುಂಡೆ; "ಅಲ್ ಬುರ್ರೊ" ಎನ್ನುವ ಅರಂಚೀನಿಯಲ್ಲಿ ಹೆಸರಿಗೆ ಬೆಣ್ಣೆ, ಒಳಗೆ ಹಂದಿಮಾಂಸ ಇರುತ್ತದೆ. ಪಾಲಕ್ ಹಾಕಿದ್ದನ್ನು ಕೇಳಿ. ಎಷ್ಟೋ ಸಾಸ್‌ಗಳಲ್ಲಿ ಸಣ್ಣ ಮೀನು ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. "ನಿಯೆಂತೆ ಕಾರ್ನೆ, ನಿಯೆಂತೆ ಪೆಶ್ಶೆ, ಸೆಂತ್ಸಾ ಅಚ್ಚೂಗೆ" ಎಂದು ಬಾಯಿಪಾಠ ಮಾಡಿಕೊಳ್ಳಿ. ಮಾಂಸ ಬೇಡ, ಮೀನು ಬೇಡ, ಆ ಸಣ್ಣ ಮೀನೂ ಬೇಡ ಎಂದರ್ಥ. ಬೆಳಗಿನ ತಿಂಡಿಗೆ ಬಾದಾಮಿ ಗ್ರನೀತಾ ಎನ್ನುವ ಮಂಜಿನಂಥ ತಣ್ಣನೆಯ ಸಿಹಿ, ಜೊತೆಗೆ ತುಪ್ಪೊ ಇರುವ ಬ್ರಿಯೋಶ್ ಬನ್. ತುಪ್ಪೊ ಅಂದರೆ ತುಪ್ಪ ಅಲ್ಲ, ತುರುಬು. ಬನ್ನಿನ ಮೇಲೆ ನಿಜವಾಗಿಯೂ ತುರುಬಿನ ಹಾಗೆ ಒಂದು ಗುಂಡು ಇರುತ್ತದೆ. ಬನ್ನಿನಲ್ಲಿ ಮೊಟ್ಟೆ ಇರುವುದರಿಂದ ಅವ್ವ ಬರೀ ಗ್ರನೀತಾ ತಿಂದರು.

ಇನ್ನು ನೋಡುವ ಜಾಗಗಳು. ಚರ್ಚಿನ ಎರಡು ಗೋಪುರ ಎಲ್ಲ ಫೋಟೋಗಳಲ್ಲೂ ಬರುತ್ತವೆ, ನಿಮಗೆ ಗೊತ್ತು. ನಾರ್ಮನ್ ರಾಜ ಎರಡನೇ ರೋಜರ್ 1131ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಬಿರುಗಾಳಿಯಿಂದ ಪಾರಾಗಿ ದಡ ಮುಟ್ಟಿದ್ದಕ್ಕೆ ಹರಕೆ ತೀರಿಸಿದ ಎನ್ನುವ ಕಥೆ ಇದೆ. ಒಳಗೆ ಬಂಗಾರದ ಹಿನ್ನೆಲೆಯಲ್ಲಿ 1148ರ ಮೊಸಾಯಿಕ್ ಕ್ರಿಸ್ತ. ಕೈಯಲ್ಲಿ ತೆರೆದ ಪುಸ್ತಕ, ಒಂದು ಪುಟ ಗ್ರೀಕ್, ಇನ್ನೊಂದು ಪುಟ ಲ್ಯಾಟಿನ್. "ನಾನೇ ಜಗತ್ತಿನ ಬೆಳಕು" ಎಂಬ ಸಾಲು ಎರಡೂ ಭಾಷೆಯಲ್ಲಿದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿ. ಬೆಳಕು ಬದಲಾದ ಹಾಗೆ ಬಂಗಾರದ ಬಣ್ಣ ಬದಲಾಗುತ್ತದೆ. ರಾಜ ತನ್ನ ಸಮಾಧಿಗೆಂದು ಕೆಂಪು ಕಲ್ಲಿನ ಎರಡು ಪೆಟ್ಟಿಗೆ ಅಲ್ಲಿಡಿಸಿದ್ದ. 1215ರಲ್ಲಿ ಮೊಮ್ಮಗ ಎರಡನೇ ಫ್ರೆಡರಿಕ್ ಅವನ್ನು ಸಿಸಿಲಿಯ ರಾಜಧಾನಿ ಪಲೆರ್ಮೊಗೆ ಸಾಗಿಸಿದ. ಆರನೇ ದಿನ ರೈಲಿನಲ್ಲಿ ಪಲೆರ್ಮೊಗೆ ಹೋದಾಗ ಅಲ್ಲಿನ ದೊಡ್ಡ ಚರ್ಚಿನಲ್ಲಿ ಆ ಪೆಟ್ಟಿಗೆಗಳು ಕಂಡವು. ಒಂದು ಗಂಟೆಯೊಳಗಿನ ಪ್ರಯಾಣ, ತಲಾ ಆರೇಳು ಯೂರೋ.

ಅಪ್ಪನಿಗೆ ಮಾತ್ರ ಎಲ್ಲಕ್ಕಿಂತ ಹಿಡಿಸಿದ್ದು ಮಂದ್ರಲಿಸ್ಕಾ ಮ್ಯೂಸಿಯಂ. ಮಂದ್ರಲಿಸ್ಕಾ ಅದೇ ಊರಿನ ಜಹಗೀರದಾರ, 19ನೇ ಶತಮಾನದವನು. ತಾನು ಕೂಡಿಸಿದ್ದೆಲ್ಲ ಊರಿಗೇ ಬಿಟ್ಟು ಹೋದ. ಅಲ್ಲಿ ಅಂತೊನೆಲ್ಲೊ ದ ಮೆಸ್ಸೀನ ಬರೆದ ಒಬ್ಬ ಅಪರಿಚಿತನ ಮುಖಚಿತ್ರವಿದೆ. 15ನೇ ಶತಮಾನದ್ದು, ಒಂದು ನೋಟ್‌ಬುಕ್ಕಿನಷ್ಟೇ ದೊಡ್ಡದು. ಕಪ್ಪು ಹಿನ್ನೆಲೆ, ತುಟಿಯ ಮೂಲೆಯಲ್ಲಿ ನಗು. ಆ ನಗು ತಡೆಯಲಾರದೆ ಹಿಂದೊಮ್ಮೆ ಒಬ್ಬ ಹುಡುಗಿ ಚಿತ್ರವನ್ನೇ ಗೀರಿದಳು ಎಂಬ ಕಥೆಯೂ ಇದೆ. ಅಪ್ಪ ಅದರ ಮುಂದೆ ಮುಕ್ಕಾಲು ಗಂಟೆ ನಿಂತರು, ಕೂತರು, ಮತ್ತೆ ನಿಂತರು. ಮರುದಿನ, "ಇನ್ನೊಮ್ಮೆ ಹೋಗೂಣೇನು?" ಎಂದು ಮೆಲ್ಲಗೆ ಕೇಳಿದರು. ಒಟ್ಟು ಮೂರು ಸಲ ಹೋದೆವು. ಮೂರನೇ ಸಲ ಟಿಕೆಟ್ ಮೇಜಿನ ಹೆಂಗಸು ಅವರಿಗೆ ತಾನೇ ಕುರ್ಚಿ ತಂದು ಹಾಕಿದರು. 2017ರಲ್ಲಿ ನಾನು ಅವರಿಂದ ಕಿತ್ತುಕೊಂಡಿದ್ದನ್ನು ಇಲ್ಲಿ ವಾಪಸ್ ಕೊಡಲು ಸಾಧ್ಯವಾಯಿತು.

ಅವ್ವನ ಜಾಗ ಬೇರೆ. ಹಳೇ ಬೀದಿಯಿಂದ ಕೆಳಗಿಳಿದರೆ ಬಟ್ಟೆ ಒಗೆಯುವ ಕಲ್ಲಿನ ಹೊಂಡಗಳಿವೆ, ಮಧ್ಯಯುಗದವು. ಕಬ್ಬಿಣದ ಸಿಂಹದ ಬಾಯಿಗಳಿಂದ ಚೆಫಲೀನೊ ಹೊಳೆಯ ನೀರು ಇವತ್ತಿಗೂ ಸುರಿಯುತ್ತದೆ. ಬೆಳ್ಳಿಗಿಂತ ಶುದ್ಧ, ಹಿಮಕ್ಕಿಂತ ತಣ್ಣಗೆ ಎಂದು ಬಾಗಿಲಲ್ಲಿ ಕೆತ್ತಿದ್ದಾರೆ. ಅವ್ವ ನೀರಿಗೆ ಕೈ ಹಾಕಿ, ಒಗೆಯುವ ಕಲ್ಲನ್ನು ಸವರಿ, "ಎಷ್ಟ ಮಂದಿ ಹೆಣ್ಮಕ್ಕಳ ಸೊಂಟಾ ಇಲ್ಲಿ ಬಿದ್ದೈತೋ" ಎಂದರು. ದಿನಾ ಬೆಳಗ್ಗೆ ತರಕಾರಿ ತಂದ ಮೇಲೆ ಅಲ್ಲಿ ಹತ್ತು ನಿಮಿಷ ಕೂರುತ್ತಿದ್ದರು.

ಊರಿನ ಬೆನ್ನಿಗಿರುವ ಲಾ ರೊಕ್ಕಾ ಬಂಡೆಯನ್ನು ಹೆಂಡತಿ ಮತ್ತು ನಾನು ಮಾತ್ರ ಹತ್ತಿದೆವು. ಎತ್ತರ ಸುಮಾರು 270 ಮೀಟರ್. ಅರ್ಧ ದಾರಿಯಲ್ಲಿ ಡಯಾನಾ ಗುಡಿ ಎಂದು ಕರೆಯುವ ಹಳೇ ಕಲ್ಲಿನ ಕಟ್ಟಡ, ತುದಿಯಲ್ಲಿ ಕೋಟೆಯ ಅವಶೇಷ. ಹತ್ತಿ ಇಳಿಯಲು ಎರಡೂವರೆ ತಾಸು. ಮಳೆ ಬಂದರೆ ಬಾಗಿಲು ಹಾಕುತ್ತಾರೆ. ನಮಗೆ ಒಂದು ದಿನ ಹಾಗೆ ತಪ್ಪಿತು, ಆದರೆ ಕೈಯಲ್ಲಿ ದಿನಗಳಿದ್ದವಲ್ಲ, ಮರುದಿನ ಹೋದೆವು. ಒಂಬತ್ತರಲ್ಲಿ ಎರಡು ದಿನ ಮಳೆ. ಉಳಿದ ದಿನ ಸಮುದ್ರದ ನೀರು ಇನ್ನೂ ಬೆಚ್ಚಗಿತ್ತು, ದಂಡೆ ಹೆಚ್ಚುಕಮ್ಮಿ ಖಾಲಿ. ಮರಳು ನಿಧಾನವಾಗಿ ಇಳಿಯುವುದರಿಂದ ಅಪ್ಪನೂ ಸೊಂಟದವರೆಗೆ ನೀರಿಗಿಳಿದರು.

ಒಂದು ದಿನ ಬಸ್ಸಿನಲ್ಲಿ ಬೆಟ್ಟದ ಮೇಲಿನ ಕಸ್ತೆಲ್‌ಬುವೊನೊಗೆ ಹೋದೆವು. ಅಲ್ಲಿ ಆ್ಯಶ್ ಮರದ ತೊಗಟೆ ಗೀರಿ, ಒಸರುವ ರಸ ಬಿಸಿಲಿಗೆ ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಅದೇ ಮನ್ನಾ. ಬಿಳಿ ಕಡ್ಡಿಯ ಹಾಗಿರುತ್ತದೆ, ಹಿತವಾದ ಸಿಹಿ. ಚಹಾಕ್ಕೆ ಹಾಕಿ ನೋಡಿದೆ, ಸಕ್ಕರೆಯಷ್ಟು ಸಿಹಿ ಇಳಿಯಲಿಲ್ಲ. ಸುಮ್ನೆ ಬಾಯಲ್ಲಿಟ್ಟು ಕರಗಿಸುವುದೇ ಸರಿ. ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ, ಎಚ್ಚರ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಯೂರೋ ಆಗ 88 ರೂಪಾಯಿ ಆಸುಪಾಸು. ಪಲೆರ್ಮೊವರೆಗಿನ ವಿಮಾನಕ್ಕೆ ನಾಲ್ಕು ಜನಕ್ಕೆ 2.7 ಲಕ್ಷ. ವೀಸಾ, ವಿಮೆ ಸೇರಿ 46 ಸಾವಿರ. ಮನೆ 67 ಸಾವಿರ. ತರಕಾರಿ, ಹೊರಗಿನ ತಿಂಡಿ 26 ಸಾವಿರ. ರೈಲು, ಬಸ್ಸು, ಟಿಕೆಟ್‌ಗಳಿಗೆ 22 ಸಾವಿರ. ಒಟ್ಟು 4.3 ಲಕ್ಷದ ಹತ್ತಿರ. ಆರು ವರ್ಷ ಹಿಂದಿನ ಓಟಕ್ಕಿಂತ ಒಂದೂವರೆ ಲಕ್ಷದಷ್ಟು ಕಡಿಮೆ. ಮೊಣಕಾಲಿನ ಮಾತ್ರೆ ಡಬ್ಬಿಯಿಂದ ಹೊರಗೇ ಬರಲಿಲ್ಲ.

ಬರುವ ಅಕ್ಟೋಬರ್‌ಗೆ ಹನ್ನೆರಡು ರಾತ್ರಿ ಅದೇ ಮನೆ ಹಿಡಿದಿದ್ದೇನೆ. ಈ ಸಲ ಆರು ಜನ, ಚಿಕ್ಕಪ್ಪ-ಚಿಕ್ಕಮ್ಮನೂ ಬರುತ್ತಾರೆ. ಚಿಕ್ಕಪ್ಪ ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟಾಗಿದೆ. ಮೊನ್ನೆ ಫೋನ್ ಮಾಡಿ, "ರೊಟ್ಟಿ ಎಷ್ಟ ಹೇಳಲಿ?" ಎಂದರು. ನೂರಾ ಇಪ್ಪತ್ತು ಹೇಳಿ ಎಂದಿದ್ದೇನೆ.