ಅರಗಿನ ಕಡ್ಡಿಯಿಂದ ಕಲ್ಲು ಬಿಡಿಸೋಕೆ ಫ್ರೀಜರ್ ಸಾಕು

ಪಾಲಿಶ್ ಮುಗಿದ ಕ್ಯಾಬೊಶಾನ್ (ಮೇಲೆ ಗುಮ್ಮಟದ ಹಾಗೆ ಉಬ್ಬಿರುವ) ಕಲ್ಲನ್ನು ಅರಗಿನ ಕಡ್ಡಿಯಿಂದ (ಉಜ್ಜುವಾಗ ಹಿಡಿಯೋಕೆ ಅಂತ ಕಲ್ಲನ್ನು ಅರಗಿನಿಂದ ಅಂಟಿಸುವ ಕಡ್ಡಿ) ಬಿಡಿಸೋಕೆ ಚಾಕು ಹಾಕಿ ಮೀಟಬೇಡಿ, ಅಂಚು ಚಕ್ಕೆ ಏಳುತ್ತೆ. ಕಡ್ಡಿ ಸಮೇತ 15–20 ನಿಮಿಷ ಫ್ರೀಜರಿನಲ್ಲಿಟ್ಟು, ತೆಗೆದ ತಕ್ಷಣ ಕಲ್ಲನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಟಕ್ ಅಂತ ಬಿಟ್ಟುಕೊಳ್ಳುತ್ತೆ. ತಣ್ಣಗಾದಾಗ ಅರಗು ಕಲ್ಲಿಗಿಂತ ಹೆಚ್ಚು ಕುಗ್ಗುತ್ತೆ, ಜೊತೆಗೆ ಗಾಜಿನ ಹಾಗೆ ಪೆಡಸಾಗುತ್ತೆ, ಹಾಗಾಗಿ ಅಂಟಿದ ಜಾಗದಲ್ಲೇ ಹಿಡಿತ ತಪ್ಪುತ್ತೆ. ಕಲ್ಲಿನ ಬೆನ್ನಿಗೆ ಉಳಿದ ಅರಗಿನ ಚೂರುಗಳು ಉಗುರಿಗೆ ಬರದಿದ್ದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಅಗೇಟ್, ಜಾಸ್ಪರ್, ಟೈಗರ್ ಐಗೆ ಇದು ಆರಾಮ. ಓಪಲ್ ಮತ್ತು ಫ್ಲೋರೈಟ್‌ಗೆ ಮಾತ್ರ ಬೇಡ. ತಾಪಮಾನ ಹಠಾತ್ತನೆ ಬದಲಾದರೆ ಅವು ಸೀಳುತ್ತವೆ. ಒಳಗೆ ಕೂದಲೆಳೆ ಬಿರುಕಿರುವ ಯಾವ ಕಲ್ಲಿಗೂ ಅದೇ ಅಪಾಯ. ಬಫ್‌ನಿಂದ (ಪಾಲಿಶ್ ಮಾಡುವ ಚಕ್ರ) ಬಿಸಿಬಿಸಿಯಾಗಿ ಬಂದ ಕಲ್ಲನ್ನು ನೇರ ಒಳಗಿಡಬೇಡಿ, ಕೋಣೆಯ ತಾಪಕ್ಕೆ ಇಳಿಯಲಿ (ಹೆಚ್ಚಿನವರು ಅವಸರ ಮಾಡಿ ತಪ್ಪೋದು ಇಲ್ಲೇ). ಸೂಪರ್ ಗ್ಲೂ ಹಾಕಿ ಅಂಟಿಸಿದ್ದರೆ ಫ್ರೀಜರನ್ನು ನಂಬಬೇಡಿ: ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ನೆನೆಸಿ, ಬೆಂಕಿಯಿಂದ ದೂರ. ರಾಳ ತುಂಬಿಸಿದ ಟರ್ಕ್ವಾಯ್ಸ್, ಆಂಬರ್‌ಗೆ ಅಸಿಟೋನ್ ತಾಗಿಸಲೇಬೇಡಿ, ಹೊಳಪು ಸತ್ತುಹೋಗುತ್ತೆ.