ಹುಲಿನಾ, ಹುಳಿನಾ? ಕನ್ನಡದ ಯೂಸರ್‌ನೇಮ್ ಇಡುವ ಬಗೆ

ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಯೂಸರ್‌ನೇಮ್ ಮಾಡಿಕೊಂಡರೆ ಮೊದಲು ಕೈಕೊಡುವುದು ಳಕಾರ. ‘ಹಳ್ಳಿಹುಡುಗ’ ಅಂತ ಹೆಮ್ಮೆಯಿಂದ ಇಟ್ಟಿರುತ್ತೀರಿ, ಓದುವವರಿಗೆ ಗೋಡೆ ಮೇಲಿನ ಹಲ್ಲಿ ಕಾಣುತ್ತದೆ. ‘ಹಾಲುಜೇನು’ ಹಾಳುಜೇನಾಗುತ್ತದೆ. ‘ಮಳೆಹುಡುಗಿ’ಯದು ಇನ್ನೂ ಪಜೀತಿ: ಎಂ-ಎ-ಎಲ್-ಇ ಅಂದರೆ ಇಂಗ್ಲಿಷಿನಲ್ಲಿ ಗಂಡು. ಗೆಳೆಯರು ಸುಮ್ಮನೆ ಬಿಡುತ್ತಾರೆಯೇ?

ಹಾಗಾಗಿ ಹೆಸರು ಹೊಳೆದ ಕೂಡಲೇ ಖಾತೆ ತೆರೆಯಬೇಡಿ. ಕಾಗದದ ಮೇಲೆ ಪೂರ್ತಿ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಬರೆದು, ಅದೇನೆಂದು ಗೊತ್ತಿಲ್ಲದ ಒಬ್ಬರಿಂದ ಜೋರಾಗಿ ಓದಿಸಿ. ತಡವರಿಸಿದ ಕಡೆ ರಿಪೇರಿ ಬೇಕು. ಆಮೇಲೆ ನೀವೇ ಳ-ಲ, ಣ-ನ, ಹ್ರಸ್ವ-ದೀರ್ಘ ಅದಲುಬದಲು ಮಾಡಿ ನೋಡಿ. ‘ಮನೆ’ ಮಣೆಯಾದರೆ ಯಾರಿಗೂ ನಷ್ಟವಿಲ್ಲ. ‘ಕಲ್ಲ’ ಕಳ್ಳನಾದರೆ ಕಷ್ಟ.

ಆಕಾರಕ್ಕೆ ಎರಡು ಎ ಹಾಕಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಎರಡು ಇ, ಎರಡು ಓ ಹಾಗಲ್ಲ: ಅವನ್ನು ಜನ ಈ, ಊ ಎಂದೇ ಓದುವುದು. ‘ಕೋಳಿ’ಗೆ ಎರಡು ಓ ಹಾಕಿದಿರೋ, ಕೂಲಿಗೆ ಹೋಯಿತು. ಅಲ್ಲಿ ಒಂದೇ ಓ ಸಾಕು. ಳಕಾರಕ್ಕೆ ದೊಡ್ಡ ಎಲ್ ಬರೆಯುವ ರೂಢಿ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ನಡೆಯುತ್ತದೆ, ಇನ್‌ಸ್ಟಾಗ್ರಾಂನಲ್ಲಿ ನಡೆಯದು; ಅಲ್ಲಿ ಎಲ್ಲವೂ ಸಣ್ಣಕ್ಷರವೇ.

ಇನ್‌ಸ್ಟಾಗ್ರಾಂ 30 ಅಕ್ಷರ ಕೊಡುತ್ತದೆ, ಎಕ್ಸ್ ಬರೀ 15. ಎಕ್ಸ್‌ನಲ್ಲಿ ಚುಕ್ಕೆಯೂ ಇಲ್ಲ. ಎರಡೂ ಕಡೆ ಒಂದೇ ಹೆಸರು ಬೇಕಿದ್ದರೆ 15ರೊಳಗೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಬಳಸಿ ಮುಗಿಸಿ. ಅಂಡರ್‌ಸ್ಕೋರ್ ಒಂದಕ್ಕಿಂತ ಹೆಚ್ಚು ಬೇಡ. ಪಕ್ಕಪಕ್ಕದಲ್ಲಿ ಎರಡಿದ್ದರೆ ಒಂದೇ ಗೆರೆಯಂತೆ ಕಾಣುತ್ತದೆ, ಫೋನಿನಲ್ಲಿ ಹೇಳುವಾಗಲೂ ಒದ್ದಾಟ.

ಬೇಕಾದ ಹೆಸರು ಆಗಲೇ ಹೋಗಿದ್ದರೆ ಹುಟ್ಟಿದ ಇಸವಿ ಅಂಟಿಸಬೇಡಿ; ವಯಸ್ಸನ್ನು ಊರಿಗೆಲ್ಲ ಸಾರಿದಂತೆ, ಅದನ್ನೇ ಪಾಸ್‌ವರ್ಡಿನಲ್ಲೂ ಇಟ್ಟುಕೊಂಡವರಿಗಂತೂ ಇನ್ನೂ ಅಪಾಯ. ಗಾಡಿ ನಂಬರಿನ ಜಿಲ್ಲಾ ಅಂಕಿ ಒಳ್ಳೇದು: ಮಂಗಳೂರಿಗೆ 19, ಉಡುಪಿಗೆ 20, ಧಾರವಾಡಕ್ಕೆ 25. ಊರಿನವರು ನೋಡಿದ ತಕ್ಷಣ ಹಿಡಿಯುತ್ತಾರೆ.

ಎರಡರ್ಥ ಯಾವಾಗಲೂ ದೋಷವಲ್ಲ. ‘ಮಜ್ಜಿಗೆಹುಳಿ’ ಇಂಗ್ಲಿಷಿನಲ್ಲಿ 11 ಅಕ್ಷರ. ಅದಕ್ಕೊಂದು ಅಂಡರ್‌ಸ್ಕೋರ್, ಮೇಲೆ 20 ಸೇರಿಸಿದರೆ 14. ಓದುವವರಿಗೆ ಅದು ‘ಮಜ್ಜಿಗೆ ಹುಲಿ’ಯೂ ಹೌದು. ಕೆಣಕುವವರಿಗೆ ಬೇಕಾದದ್ದು ಇಂಥದ್ದೇ. “ಹುಲಿನಾ, ಹುಳಿನಾ?” ಅಂತ ಕೇಳಿದರೆ ಪದದ ಅರ್ಥ ಬಿಡಿಸಿ ಹೇಳುತ್ತ ಕೂರಬೇಡಿ, ತಮಾಷೆ ಅಲ್ಲೇ ಸಾಯುತ್ತದೆ. “ಬಡಿಸಿದಾಗ ಗೊತ್ತಾಗುತ್ತೆ ಮಾರಾಯ್ರೇ” ಅಂದರೆ ಆಟ ಮುಂದುವರಿಯುತ್ತದೆ. ಕೆಣಕುವವರಿಗೂ ಒಂದು ಮಾತು: ಹೆಸರಿನ ಕಾಗುಣಿತ ಎಳೆದಾಡಿ, ಸಾಕು. ಜಾತಿ, ಮೈಬಣ್ಣ, ಮನೆತನದ ಹೆಸರು ಎಳೆದರೆ ಅದು ತಮಾಷೆಯಲ್ಲ, ಜಗಳ.

ಹೆಸರು ಬದಲಿಸುವಾಗ ಹುಷಾರು. ಎಕ್ಸ್‌ನಲ್ಲಿ ನೀವು ಬಿಟ್ಟ ಹೆಸರನ್ನು ಬೇರೆಯವರು ಎತ್ತಿಕೊಳ್ಳಬಹುದು. ವಿಸಿಟಿಂಗ್ ಕಾರ್ಡು, ಬಯೋ, ಹಳೇ ಪೋಸ್ಟುಗಳಲ್ಲಿ ಕೊಟ್ಟ ವಿಳಾಸಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ, ಬದಲಿಸಿದ ದಿನವೇ ಎಲ್ಲವನ್ನೂ ತಿದ್ದಿ.