ಬಿಪಿ ಗೈಡ್‌ಲೈನ್ ಕ್ಲಿನಿಕ್‌ನಲ್ಲಿ ದಿನಾ ಪಾಲನೆಯಾಗಬೇಕಾದರೆ...

ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ಫ್ಯಾಮಿಲಿ ಡಾಕ್ಟರ್‌ಗಳಿಗೆ ಗೈಡ್‌ಲೈನ್, ಅಂದರೆ ಚಿಕಿತ್ಸೆ ಹೇಗೆ ಕೊಡಬೇಕು ಅನ್ನುವ ನಿಯಮಗಳು, ಗೊತ್ತಿಲ್ಲ ಅಂತಲ್ಲ. ಬಾಗಿಲು ತೆಗೆಯುವ ಹೊತ್ತಿಗೇ ಕಟ್ಟೆ ತುಂಬ ಜನ ಕೂತಿರುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಎರಡೋ ಮೂರೋ ನಿಮಿಷ. ಅಷ್ಟರಲ್ಲಿ ನೂರಾರು ಪುಟ ಯಾರಿಗೆ ನೆನಪಾಗುತ್ತದೆ? ಅದನ್ನು ಡಾಕ್ಟರ ತಲೆಯಿಂದ ಇಳಿಸಿ, ಕ್ಲಿನಿಕ್‌ನ ಎಲ್ಲರಿಗೂ ಹಂಚಬೇಕು. ಬಿಪಿಯಿಂದಲೇ ಶುರು ಮಾಡಿ. ಹಾರ್ಟ್ ಅಟ್ಯಾಕ್, ಲಕ್ವಾ ಎರಡಕ್ಕೂ ಅದು ದೊಡ್ಡ ಕಾರಣ.

1. ಒಂದೇ ಹಾಳೆ ಮಾಡಿ

ಯಾವ ಗುಳಿಗೆ ಮೊದಲು, ಆಮೇಲೆ ಯಾವುದು, ಎಷ್ಟು ದಿನಕ್ಕೆ ಮತ್ತೆ ನೋಡಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿ. 2017ರಲ್ಲಿ ಶುರುವಾದ ಭಾರತ ಹೈಪರ್‌ಟೆನ್ಷನ್ (ಹೆಚ್ಚು ಬಿಪಿ) ನಿಯಂತ್ರಣ ಕಾರ್ಯಕ್ರಮವೂ ಇಂಥ ಸರಳ ಮೆಟ್ಟಿಲು ಪಟ್ಟಿಯನ್ನೇ ನಂಬಿತು: ಒಂದು ಮೆಟ್ಟಿಲು ಸಾಲದಿದ್ದರೆ ಮುಂದಿನದು. ಔಷಧಿ ಕಂಪನಿಯವರು ಕೊಡುವ ಬಣ್ಣದ ಚಾರ್ಟ್ ಮಾತ್ರ ಬೇಡ. ಅದರಲ್ಲಿ ಅವರ ಗುಳಿಗೆಯೇ ಮೊದಲ ಸಾಲಲ್ಲಿರುತ್ತದೆ.

2. ಬಿಪಿ ನೋಡುವ ಕೆಲಸ ಸಿಸ್ಟರ್‌ಗೆ ಒಪ್ಪಿಸಿ

ಎಲ್ಲ ಹಾಳಾಗುವುದು ಇಲ್ಲಿಯೇ. ಅಳತೆ ತಪ್ಪಿದರೆ ಹಾಳೆಯಲ್ಲಿ ಏನು ಬರೆದಿದ್ದರೂ ಪ್ರಯೋಜನವಿಲ್ಲ.

ಕ್ಯಾಂಪಿನಿಂದ ಬಸ್ಸಿನಲ್ಲಿ ನಿಂತು ಬಂದ ಅಜ್ಜ. ಇಳಿದವನೇ ಒಂದು ಚಹಾ ಕುಡಿದು, ಬೀಡಿ ಸೇದಿ ಒಳಗೆ ಬರುತ್ತಾನೆ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರಿಸುತ್ತಾರೆ. ಅಂಗಿಯ ತೋಳನ್ನು ಮೇಲಕ್ಕೆ ಸುತ್ತುತ್ತಾರೆ, ಅದು ಹಗ್ಗದ ಹಾಗೆ ಬಿಗಿಯುತ್ತದೆ. ಕೈ ಕೆಳಗೆ ಜೋತು ಬಿದ್ದಿದೆ. ತೋಳಿಗೆ ಸುತ್ತಿದ ಬಿಪಿ ಪಟ್ಟಿಗೆ (ಕಫ್) ಗಾಳಿ ಹಾಕುತ್ತಲೇ "ಮಗ ಬೆಂಗ್ಳೂರಾಗ ಅದಾನೇನು?" ಅಂತ ಮಾತು ಬೇರೆ. ಬಂದ ನಂಬರು 160. ಅದು ಅಜ್ಜನ ನಿಜವಾದ ಬಿಪಿಯೇ ಅಲ್ಲ.

ಹೀಗೆ ಮಾಡಿಸಿ. ಬೀಡಿ, ಚಹಾ, ತಂಬಾಕು ಆಗಿದ್ದರೆ ಅರ್ಧ ತಾಸು ಕಾಯಿಸಿ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನು ಒರಗುವ ಕುರ್ಚಿಯಲ್ಲಿ 5 ನಿಮಿಷ ಸುಮ್ನೆ ಕೂರಲಿ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಪಟ್ಟಿ ಬರಿ ತೋಳಿಗೆ, ಎದೆಯ ಮಟ್ಟಕ್ಕೆ. ಕೈ ಮೇಜಿನ ಮೇಲೆ. ಯಾರೂ ಮಾತಾಡಬಾರದು, ಸಿಸ್ಟರ್ ಕೂಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡರ ಸರಾಸರಿ ಬರೆಯಿರಿ. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ. ಜಾಸ್ತಿ ಬಂದ ತೋಳನ್ನೇ ಮುಂದಕ್ಕೂ ಹಿಡಿಯಿರಿ.

ಪಟ್ಟಿ ಸಣ್ಣದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಯಾವ ತೋಳಿಗೆ ಯಾವುದು ಅಂತ ಪಟ್ಟಿಯ ಮೇಲೇ ಸೆಂಟಿಮೀಟರ್ ಬರೆದಿರುತ್ತದೆ. ದರ್ಜಿ ಟೇಪ್ ಒಂದು ಇಟ್ಟುಕೊಳ್ಳಿ, ದೊಡ್ಡ ಪಟ್ಟಿಯನ್ನೂ ತರಿಸಿ. ಮಣಿಕಟ್ಟಿಗೆ ಕಟ್ಟುವ ಮಷಿನ್ ಬೇಡವೇ ಬೇಡ. ಅಗ್ಗಕ್ಕೆ ಸಿಗುತ್ತದೆ, ಕೈ ಸ್ವಲ್ಪ ಅಲ್ಲಾಡಿದರೂ ನಂಬರು ಬದಲಾಗುತ್ತದೆ. ರಿಜಿಸ್ಟರಿನಲ್ಲಿ ಬರೀ 140, 150, 160 ಅಂತ ಸೊನ್ನೆಗಳೇ ಕಂಡರೆ ಅಂದಾಜಿಗೆ ಬರೆಯುತ್ತಿದ್ದಾರೆ ಅಂತಲೇ ಅರ್ಥ.

3. ಮೆಟ್ಟಿಲು ಏರಿ

ಗುಳಿಗೆ ಶುರುವಾಗಿ ತಿಂಗಳಾಗಿದೆ, ಬಿಪಿ 152/94. ಡಾಕ್ಟರು "ಮುಂದಿನ ತಿಂಗಳು ನೋಡೋಣ" ಅಂತ ಅದೇ ಚೀಟಿ ಬರೆದು ಕಳಿಸುತ್ತಾರೆ. ರೋಗಿಯೂ "ಗುಳಿಗಿ ಜಾಸ್ತಿ ಮಾಡಬ್ಯಾಡ್ರಿ ಸರ್, ಚಟ ಆಗತೈತಿ" ಅನ್ನುತ್ತಾರೆ. ಹೀಗೇ ವರ್ಷ ಕಳೆಯುತ್ತದೆ.

ಮೊದಲು ಸರಿಯಾದ ಪ್ರಶ್ನೆ ಕೇಳಿ. "ದಿನಾ ತಗೊಳ್ತೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳಿ, ನಿಜ ಹೊರಬರುತ್ತದೆ. ತಪ್ಪಿಲ್ಲ, ಆದರೂ 140/90ಕ್ಕಿಂತ ಇಳಿದಿಲ್ಲ ಅಂದರೆ ಅವತ್ತೇ ಮುಂದಿನ ಮೆಟ್ಟಿಲು. ಆಮ್ಲೋಡಿಪಿನ್ 5 ಮಿ.ಗ್ರಾಂ. ಸಾಕಾಗದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸಿ, ಆಮೇಲೆ ಅದನ್ನೇ 80ಕ್ಕೆ ಏರಿಸಿ, ನಂತರ ಕ್ಲೋರ್‌ಥಾಲಿಡೋನ್ 12.5 ಸೇರಿಸಿ. ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರಿಗೆ ಗುರಿ 130/80ಕ್ಕಿಂತ ಕೆಳಗೆ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಕೊಡಲೇಬಾರದು. ಅದನ್ನು ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಕಿಡ್ನಿಯ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆಯೂ ಹಾಳೆಯಲ್ಲಿರಲಿ.

ಡಾಕ್ಟರಿಗೆ ಮರೆಯದ ಹಾಗೆ ಮಾಡಲು ನನಗೆ ಕಂಡ ಒಳ್ಳೆಯ ಉಪಾಯ ಇದು: ಗುರಿ ಮುಟ್ಟದವರ ಕಾರ್ಡಿಗೆ ಸಿಸ್ಟರ್ ಕೆಂಪು ಕ್ಲಿಪ್ ಹಾಕಿ ಒಳಗೆ ಕಳಿಸಲಿ. ಔಷಧಿ ಬದಲಿಸಬೇಕು, ಇಲ್ಲ ಬದಲಿಸದ ಕಾರಣವನ್ನು ಒಂದು ಸಾಲು ಬರೆಯಬೇಕು. ಆಮೇಲೆಯೇ ಕ್ಲಿಪ್ ತೆಗೆಯಬೇಕು.

4. ಎದೆನೋವು ಬಂದವರಿಗೆ ಬೇರೆ ಹಾಳೆ

"ಗ್ಯಾಸ್ಟ್ರಿಕ್ ಇರಬೇಕು" ಅಂತ ಸಿರಪ್ ಕೊಟ್ಟು ಕೂರಿಸಬೇಡಿ. 10 ನಿಮಿಷದೊಳಗೆ ಇಸಿಜಿ. ಇಸಿಜಿ ಯಂತ್ರ ಇಲ್ಲವೇ? ತಕ್ಷಣ 108ಕ್ಕೆ ಫೋನ್ ಮಾಡಿ.

5. ಬಾರದವರನ್ನು ಹುಡುಕಿ

ತಿಂಗಳ ಕೊನೆಗೆ ರಿಜಿಸ್ಟರ್ ತಿರುವಿ, ಬಾರದವರಿಗೆ ಫೋನ್ ಮಾಡಿ. ನಾಟಿ, ಸುಗ್ಗಿ ಹೊತ್ತಿನಲ್ಲಿ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಅದಕ್ಕೆ ಬೈಯಬೇಡಿ, ಸಂಜೆ ಸ್ವಲ್ಪ ಹೊತ್ತು ಅವರಿಗೇ ಇಡಿ. ನಮ್ಮ ಕಡೆ ಗುಳೆ (ದುಡಿಯಲು ಊರು ಬಿಟ್ಟು) ಹೋಗುವವರೂ ಬಹಳ. ಹೊರಡುವ ಮೊದಲೇ ಕೇಳಿ ಎರಡು ತಿಂಗಳ ಗುಳಿಗೆ ಬರೆದುಕೊಡಿ. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಬಿಪಿ ಇರುವ ಕಾರ್ಡನ್ನು ಅವರ ಕೈಗೇ ಕೊಟ್ಟು ಕಳಿಸಿ. ಬೆಂಗಳೂರಿನ ಯಾವ ಆಸ್ಪತ್ರೆಯಲ್ಲಾದರೂ ಅದನ್ನು ನೋಡಿ ಅದೇ ಔಷಧಿ ಮುಂದುವರಿಸಬಹುದು.